ಮಲೆನಾಡಿನ ಮಳೆ, ಬೈಕು, 200–500 ಲೆನ್ಸು: ಎಂಥ ಕ್ಯಾಮೆರಾ ಬ್ಯಾಗ್ ಕೊಳ್ಳಬೇಕು?

ಪ್ರಶ್ನೆ: ನನ್ನ ಹತ್ತಿರ ನಿಕಾನ್ ಡಿ500 ಕ್ಯಾಮೆರಾ, 200–500 ಮತ್ತು 16–80 ಮಿ.ಮೀ. ಲೆನ್ಸುಗಳು, ಒಂದು 8×42 ಬೈನಾಕ್ಯುಲರ್, ಅಲ್ಯುಮಿನಿಯಂ ಟ್ರೈಪಾಡ್ ಇವೆ. ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸ. ತೀರ್ಥಹಳ್ಳಿಯಿಂದ ಬೈಕಿನಲ್ಲೇ ಮಂಡಗದ್ದೆ, ಆಗುಂಬೆ ಕಡೆ ಓಡಾಟ, ಮಳೆಗಾಲದಲ್ಲೂ ಬಿಡುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಶಿವಮೊಗ್ಗದಿಂದ ವಿಮಾನ ಹತ್ತುತ್ತೇನೆ. ಕ್ಯಾಮೆರಾ ಜೊತೆ ಪುಕ್ಕಟೆ ಬಂದ ಬ್ಯಾಗಿನಲ್ಲಿ ದೊಡ್ಡ ಲೆನ್ಸು ಹಿಡಿಸುತ್ತಿಲ್ಲ. ಅಂಗಡಿಯವರು 25 ಲೀಟರ್ ಸಾಕು ಅನ್ನುತ್ತಾರೆ, ಗೆಳೆಯರು 45 ಲೀಟರ್ ತಗೊ ಅನ್ನುತ್ತಾರೆ. ಎಂಟು ಸಾವಿರದವರೆಗೆ ಹಾಕಬಲ್ಲೆ. ಏನೇನು ನೋಡಿ ಕೊಳ್ಳಬೇಕು?

ಉತ್ತರ: ಲೀಟರ್ ಲೆಕ್ಕವನ್ನು ಮೊದಲು ಬದಿಗಿಡಿ. ಬ್ಯಾಗಿನ ಚೀಟಿಯಲ್ಲಿ ಬರೆದಿರುವ ಲೀಟರಿನಲ್ಲಿ ಮುಂದಿನ ಜೇಬು, ಪಕ್ಕದ ಬಾಟಲಿ ಜೇಬು, ಮೇಲೆ ಹಿಗ್ಗುವ ಭಾಗ ಎಲ್ಲ ಸೇರಿರುತ್ತದೆ. ಕ್ಯಾಮೆರಾ ಇಡುವ ಜಾಗ ಎಷ್ಟು ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. 45 ಲೀಟರಿನ ಬ್ಯಾಗಿನಲ್ಲಿ ನಿಮ್ಮ ಲೆನ್ಸು ಕೂರದೇ ಹೋಗಬಹುದು, 25 ಲೀಟರಿನದರಲ್ಲಿ ಆರಾಮಾಗಿ ಕೂರಬಹುದು. ನಿಮಗೆ ಬೇಕಾದದ್ದು ಮೂರು ಸಂಖ್ಯೆ: ಒಳಗಿನ ಉದ್ದ, ಒಳಗಿನ ಅಗಲ, ಒಳಗಿನ ಆಳ. ಆಳ ಎಂದರೆ ಬೆನ್ನಿಗೆ ತಾಗುವ ಗೋಡೆಯಿಂದ ಎದುರಿನ ಗೋಡೆಯವರೆಗಿನ ದೂರ. ಜನ ನೋಡದೆ ಬಿಡುವುದು ಇದನ್ನೇ, ಆಮೇಲೆ ಜಿಪ್ ಹಾಕಲು ಆಗದೆ ಒದ್ದಾಡುವುದೂ ಇದರಿಂದಲೇ.

ಟೇಬಲ್ ಮೇಲೆ ಒಂದು ಟವೆಲ್ ಹಾಸಿ, ಲೆನ್ಸನ್ನು ಕ್ಯಾಮೆರಾಗೆ ಸೇರಿಸಿಯೇ ಮಲಗಿಸಿ, ಹುಡ್ ಅನ್ನು (ಲೆನ್ಸಿನ ಮುಂದೆ ಬಿಸಿಲಿಗೆ ಮರೆಯಾಗಿ ಹಾಕುವ ಕೊಳವೆ) ತಿರುವುಮುರುವಾಗಿ ಹಾಕಿ ಅಳೆಯಿರಿ. 200–500 ಲೆನ್ಸಿನ ಉದ್ದವೇ 267.5 ಮಿ.ಮೀ., ವ್ಯಾಸ 108 ಮಿ.ಮೀ. ಹಿಂದೆ ಕ್ಯಾಮೆರಾ ಬಾಡಿ ಸೇರಿದಾಗ ಒಟ್ಟು ಉದ್ದ ಸುಮಾರು 34 ಸೆಂ.ಮೀ.ಗೆ ಬರುತ್ತದೆ. ಕ್ಯಾಪು, ಹುಡ್ ಸೇರಿ ಇನ್ನೊಂದು ಸೆಂಟಿಮೀಟರ್ ಬಿಡಿ. ಹೀಗಾಗಿ ಒಳಗಿನ ಉದ್ದ ಕನಿಷ್ಠ 37 ಸೆಂ.ಮೀ. ಇರಬೇಕು, 40 ಇದ್ದರೆ ನೆಮ್ಮದಿ. ಹುಡ್ ತಿರುಗಿಸಿ ಹಾಕಿದಾಗ ವ್ಯಾಸ 12 ಸೆಂ.ಮೀ. ಆಸುಪಾಸಿಗೆ ಹೋಗುತ್ತದೆ. ಟ್ರೈಪಾಡ್ ಕಾಲರಿನ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆಯ) ಫುಟ್ ಕೆಳಮುಖವಾಗಿದ್ದರೆ ಅದು ಬೇರೆ ನಾಲ್ಕೈದು ಸೆಂ.ಮೀ. ನುಂಗುತ್ತದೆ. ಕಾಲರಿನ ತಿರುಪು ಸಡಿಲಿಸಿ ಫುಟ್ ಅನ್ನು ಪಕ್ಕಕ್ಕೆ ತಿರುಗಿಸಿ ಇಟ್ಟರೆ 14 ಸೆಂ.ಮೀ. ಆಳದ ಬ್ಯಾಗ್ ಸಾಕು. ತಿರುಗಿಸದೆ ಇಡುವ ಅಭ್ಯಾಸವಿದ್ದರೆ 17 ಬೇಕು. ಆ ಮೂರು ಸೆಂ.ಮೀ. ಬೆನ್ನಿನ ಹಿಂದೆ ಉಬ್ಬಿಕೊಂಡು ಬಸ್ಸಿನಲ್ಲಿ ಎಲ್ಲರ ಮುಖಕ್ಕೆ ತಾಗುವ ಮೂರು ಸೆಂ.ಮೀ. ಆಗುತ್ತದೆ, ಆದ್ದರಿಂದ ತಿರುಗಿಸುವುದನ್ನೇ ರೂಢಿ ಮಾಡಿಕೊಳ್ಳಿ. ಕೈಯಲ್ಲಿ ಹಿಡಿದೇ ತೆಗೆಯುವ ದಿನ ಕಾಲರನ್ನು ಪೂರ್ತಿ ಕಳಚಿ ಮನೆಯಲ್ಲಿಟ್ಟರೆ ಸುಮಾರು 200 ಗ್ರಾಂ ತೂಕವೂ ಇಳಿಯುತ್ತದೆ.

ಅಗಲದ ಲೆಕ್ಕದಲ್ಲಿ ಒಂದು ಸಣ್ಣ ತೊಡಕಿದೆ. ಬಹುತೇಕ ಬ್ಯಾಗುಗಳ ಜಾಹೀರಾತು ಚಿತ್ರದಲ್ಲಿ ದೊಡ್ಡ ಲೆನ್ಸು ನಟ್ಟನಡುವೆ, ಎರಡೂ ಬದಿಗೆ ಸಣ್ಣ ಲೆನ್ಸುಗಳು ಸಾಲಾಗಿ ಕೂತಿರುತ್ತವೆ. ಒಳಅಗಲ 30 ಸೆಂ.ಮೀ. ಎಂದುಕೊಳ್ಳಿ. ನಡುವಿನ ಓಣಿಗೆ 13 ಹೋದರೆ ಎರಡು ಬದಿಗೆ ಎಂಟೂವರೆ ಎಂಟೂವರೆ ಉಳಿಯಿತು. ಡಿವೈಡರಿನ (ಒಳಗಿನ ಮೆತ್ತೆಯ ಅಡ್ಡಗೋಡೆಯ) ದಪ್ಪ ಒಂದು ಸೆಂ.ಮೀ. ಕಳೆದರೆ ಏಳೂವರೆ. ನಿಮ್ಮ 16–80 ಲೆನ್ಸಿನ ವ್ಯಾಸ 8 ಸೆಂ.ಮೀ. ಅದು ಆ ಸಂದಿಗೆ ಹೋಗುವುದಿಲ್ಲ, ತುರುಕಿದರೆ ಡಿವೈಡರ್ ಬಾಗಿ ವೆಲ್ಕ್ರೊ ಕಳಚಿಕೊಳ್ಳುತ್ತದೆ. ನಡುವಿನ ಡಿವೈಡರುಗಳನ್ನು ಕಿತ್ತು ದೊಡ್ಡ ಲೆನ್ಸನ್ನು ಎಡಗೋಡೆಗೆ ಒತ್ತರಿಸಿ, ಬಲಕ್ಕೆ 15–16 ಸೆಂ.ಮೀ. ಅಗಲದ ಒಂದೇ ದೊಡ್ಡ ಅಂಕಣ ಮಾಡಿಕೊಳ್ಳಿ. ಅದರ ಕೆಳಭಾಗದಲ್ಲಿ ಬೈನಾಕ್ಯುಲರ್, ನಡುವೆ 16–80, ಪಕ್ಕದ ಸಂದಿಯಲ್ಲಿ ಬ್ಯಾಟರಿ, ಕಾರ್ಡು, ದೂಳು ಊದುವ ಬ್ಲೋವರ್. ಕ್ಯಾಮೆರಾ ಬಾಡಿಯ ಅಗಲ 147 ಮಿ.ಮೀ., ಲೆನ್ಸಿಗಿಂತ ಅಗಲ. ಅದರ ಹಿಡಿ ಇರುವ ಕಡೆ ಬಲಕ್ಕೆ ಚಾಚಲು ಮೇಲ್ತುದಿಯಲ್ಲಿ ಜಾಗ ಖಾಲಿ ಬಿಟ್ಟಿರಬೇಕು.

ಲೆನ್ಸನ್ನು ಕ್ಯಾಮೆರಾಗೆ ಸೇರಿಸಿಯೇ ಇಡಬೇಕೋ, ಬಿಡಿಸಿ ಇಡಬೇಕೋ ಎಂಬ ಪ್ರಶ್ನೆಗೆ ನಿಮ್ಮಂಥವರಿಗೆ ಸೇರಿಸಿ ಇಡುವುದೇ ಸರಿ. ಹಕ್ಕಿ ಕಾಯುವುದಿಲ್ಲ ಎನ್ನುವುದು ಒಂದು ಕಾರಣ. ಆಗುಂಬೆಯ ಮಂಜು, ಬೇಸಿಗೆಯ ಕೆಂಪು ದೂಳು ಇವುಗಳ ನಡುವೆ ಸೆನ್ಸರ್ ಬಾಯಿ ತೆರೆಯುವುದು ಕಡಿಮೆಯಾದಷ್ಟೂ ಒಳ್ಳೆಯದು ಎನ್ನುವುದು ಇನ್ನೊಂದು. ಆದರೆ ಆಧಾರ ಎಲ್ಲಿ ಸಿಗುತ್ತದೆ ಎನ್ನುವುದನ್ನು ಗಮನಿಸಿ. 2.3 ಕೆ.ಜಿ. ತೂಗುವ ಲೆನ್ಸಿನ ಕೆಳಗೆ ಮೆತ್ತೆ ಇಲ್ಲದೆ ಬಾಡಿ ಮಾತ್ರ ಡಿವೈಡರಿಗೆ ಸಿಕ್ಕಿಕೊಂಡಿದ್ದರೆ ಪ್ರತಿ ಗುಂಡಿಯ ಹೊಡೆತವೂ ಮೌಂಟಿನ (ಲೆನ್ಸು ಕ್ಯಾಮೆರಾಗೆ ಸೇರುವ ಬಳೆಯ) ಮೇಲೆ ಬೀಳುತ್ತದೆ. ಲೆನ್ಸಿನ ಮುಂತುದಿ ಬ್ಯಾಗಿನ ತಳದ ಮೆತ್ತೆಯ ಮೇಲೆ ಕೂತಿರಬೇಕು, ಲೆನ್ಸಿನ ಕೊಳವೆ ಎರಡೂ ಬದಿಯಿಂದ ಡಿವೈಡರುಗಳ ನಡುವೆ ಅಲ್ಲಾಡದಂತಿರಬೇಕು, ಬಾಡಿ ಮೇಲೆ ಬಿಡುವಾಗಿರಬೇಕು. ಲೆನ್ಸಿನ ಮೇಲಿರುವ ಜೂಮ್ ಲಾಕನ್ನು 200ಕ್ಕೆ ಹಾಕಿ ಇಡಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕೊಳವೆ ತಾನಾಗಿ ಹೊರಗೆ ಬಂದು ಒಳಗೆ ಹೋಗುತ್ತಿರುತ್ತದೆ.

ಇನ್ನು ತೂಕ. ಬಾಡಿ ಬ್ಯಾಟರಿ ಸಮೇತ 860 ಗ್ರಾಂ, ದೊಡ್ಡ ಲೆನ್ಸು 2,300, ಸಣ್ಣದು 480. ಒಟ್ಟು 3,640. ಎರಡು ಹೆಚ್ಚುವರಿ ಬ್ಯಾಟರಿ, ಚಾರ್ಜರ್, ಕಾರ್ಡು, ಬಟ್ಟೆ, ಬ್ಲೋವರ್ ಸೇರಿ ಅರ್ಧ ಕೆ.ಜಿ. ಹತ್ತಿರ. ಬೈನಾಕ್ಯುಲರ್ ಸುಮಾರು 700 ಗ್ರಾಂ. ಅಂದರೆ ಬ್ಯಾಗ್ ಸೇರಿಸುವ ಮೊದಲೇ ಹೆಚ್ಚುಕಡಿಮೆ 4.8 ಕೆ.ಜಿ. ದೇಶದೊಳಗಿನ ವಿಮಾನಗಳಲ್ಲಿ ಇಕಾನಮಿ ಟಿಕೆಟಿಗೆ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕೆ.ಜಿ., ಅಳತೆ 55×35×25 ಸೆಂ.ಮೀ. ಬ್ಯಾಗಿನ ಸ್ವಂತ ತೂಕಕ್ಕೆ ಉಳಿದದ್ದು 2.2 ಕೆ.ಜಿ. ಮಾತ್ರ. ಹೆಸರುವಾಸಿ ಗಟ್ಟಿ ಬ್ಯಾಗುಗಳಲ್ಲಿ ಹಲವು ಖಾಲಿಯಿದ್ದಾಗಲೇ ಎರಡೂವರೆ ಕೆ.ಜಿ. ದಾಟುತ್ತವೆ. ಲೋವೆಪ್ರೊ ಪ್ರೊಟ್ಯಾಕ್ಟಿಕ್ 450 ಅಂಥದ್ದು, ಸುಮಾರು 2.7 ಕೆ.ಜಿ. ಅದು ಕೆಟ್ಟ ಬ್ಯಾಗಲ್ಲ, ನಿಮ್ಮ ಲೆಕ್ಕಕ್ಕೆ ಮಾತ್ರ ಹೊಂದುವುದಿಲ್ಲ. ನೀವು ಹುಡುಕಬೇಕಾದದ್ದು ಖಾಲಿ ತೂಕ 2 ಕೆ.ಜಿ. ಒಳಗಿನದು. ಅಂಗಡಿಗೆ ಹೋಗುವಾಗ ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಒಯ್ಯಿರಿ, ಚೀಟಿಯಲ್ಲಿ ಬರೆದ ತೂಕದಲ್ಲಿ ರೇನ್ ಕವರ್, ಡಿವೈಡರ್, ಸೊಂಟದ ಬೆಲ್ಟ್ ಸೇರಿರುವುದಿಲ್ಲ ಎಷ್ಟೋ ಸಲ.

ಶಿವಮೊಗ್ಗ ಎಂದಿರಿ, ಹಾಗಾಗಿ ಇನ್ನೊಂದು ಮಾತು. ಅಲ್ಲಿಂದ 2023ರ ಆಗಸ್ಟ್ 31ರಂದು ವಿಮಾನ ಸೇವೆ ಶುರುವಾದದ್ದೇ ಬೆಂಗಳೂರಿಗೆ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನದಿಂದ. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಏರ್‌ಬಸ್‌ನದಕ್ಕಿಂತ ಚಿಕ್ಕದು. 25 ಸೆಂ.ಮೀ. ದಪ್ಪದ ಗಟ್ಟಿ ಬ್ಯಾಗ್ ನಿಯಮದ ಪ್ರಕಾರ ಸರಿಯಿದ್ದರೂ ಗೂಡಿನ ಬಾಯಿಗೆ ಹೋಗದೆ ಮೆಟ್ಟಿಲ ಬಳಿಯೇ ಸಿಬ್ಬಂದಿ ಚೀಟಿ ಕಟ್ಟಿ ವಿಮಾನದ ಹೊಟ್ಟೆಗೆ ಹಾಕಲು ಕೇಳಬಹುದು. ಹೊರಗಿನ ದಪ್ಪ 20 ಸೆಂ.ಮೀ. ಒಳಗಿದ್ದು, ಮುಂದಿನ ಜೇಬು ಖಾಲಿ ಇಟ್ಟರೆ ಮಡಚಿಕೊಳ್ಳುವಂಥ ಬ್ಯಾಗಿಗೆ ಈ ಕಾಟ ಕಡಿಮೆ. ಹಾಗೆ ಕೇಳಿದರೂ ಹೆಚ್ಚುವರಿ ಬ್ಯಾಟರಿಗಳನ್ನು ಮಾತ್ರ ಕೈಗೆ ತೆಗೆದುಕೊಳ್ಳಲೇಬೇಕು. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಸಾಮಾನಿನಲ್ಲಿ ಹೋಗುವಂತಿಲ್ಲ. ನಿಮ್ಮ ಕ್ಯಾಮೆರಾ ಬ್ಯಾಟರಿ 14–16 ವ್ಯಾಟ್-ಅವರ್‌ನದು, 100ರ ಮಿತಿಗಿಂತ ಬಹಳ ಕೆಳಗೆ, ಕ್ಯಾಬಿನ್‌ನಲ್ಲಿ ಒಯ್ಯಲು ಅಡ್ಡಿಯಿಲ್ಲ. ಸಂಪರ್ಕದ ತಗಡುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಎಲ್ಲವನ್ನೂ ಒಂದೇ ಸಣ್ಣ ಚೀಲದಲ್ಲಿ ಮೇಲಿನ ಜೇಬಿನಲ್ಲಿಡಿ, ಆಗ ಒಂದೇ ಕೈಗೆ ಬರುತ್ತವೆ. ತೂಕ ಮೀರುವಂತಿದ್ದರೆ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಳ್ಳಿ. ಟ್ರೈಪಾಡನ್ನು ಬಟ್ಟೆಯ ಸೂಟ್‌ಕೇಸಿನಲ್ಲಿ ಹಾಕಿ, ಕ್ಯಾಮೆರಾ ಕೂರಿಸುವ ಬಾಲ್ ಹೆಡ್ ಬಿಚ್ಚಿ ಸಾಕ್ಸಿನಲ್ಲಿ ಸುತ್ತಿ.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯ ಆಸೆ ಕೆಲವರಿಗೆ. ಪೆಲಿಕನ್ 1510 ಅಂಥ ಪೆಟ್ಟಿಗೆ ಫೋಮ್ ಸಮೇತ 6 ಕೆ.ಜಿ. ದಾಟುತ್ತದೆ. ವಿಮಾನದ 7 ಕೆ.ಜಿ. ಮಿತಿಯಲ್ಲಿ ಒಳಗೆ ಕ್ಯಾಮೆರಾ ಇಡಲು ನಿಮಗೆ ಮುಕ್ಕಾಲು ಕೆ.ಜಿ.ಯಷ್ಟು ಉಳಿಯುತ್ತದೆ. ಸಿನಿಮಾ ತಂಡಗಳು ವ್ಯಾನಿನಲ್ಲಿ ಹಾಕಿಕೊಂಡು ಓಡಾಡುವುದಕ್ಕೆ ಅದು ಸರಿ.

ಬ್ಯಾಗ್ ಯಾವ ಕಡೆಯಿಂದ ತೆರೆಯಬೇಕು ಎಂಬುದು ಮಲೆನಾಡಿನಲ್ಲಿ ಬೇರೆ ಕಡೆಗಿಂತ ದೊಡ್ಡ ವಿಷಯ. ಎದುರಿನಿಂದ ತೆರೆಯುವ ಬ್ಯಾಗನ್ನು ನೆಲಕ್ಕಿಟ್ಟಾಗ ಭುಜಪಟ್ಟಿ, ಬೆನ್ನಿನ ಮೆತ್ತೆ ಕೆಳಗಾಗುತ್ತವೆ. ಕೆಸರು, ಒದ್ದೆ ತರಗೆಲೆ, ಅದರಲ್ಲಿರುವ ಉಂಬಳ ಎಲ್ಲ ಆ ಮೆತ್ತೆಗೆ ಹತ್ತಿ, ನೀವು ಮತ್ತೆ ಹೆಗಲಿಗೇರಿಸಿದಾಗ ನೇರ ಬೆನ್ನಿಗೆ. ಬೆನ್ನಿನ ಕಡೆಯಿಂದ ತೆರೆಯುವ ಬ್ಯಾಗ್ ಇದಕ್ಕೆ ತದ್ವಿರುದ್ಧ: ಮುಖ ಕೆಳಗೆ, ಪಟ್ಟಿಗಳು ಮೇಲೆ, ಒಣಗಿಯೇ ಇರುತ್ತವೆ. ಸೊಂಟದ ಬೆಲ್ಟ್ ಕಟ್ಟಿಕೊಂಡೇ ಭುಜಪಟ್ಟಿಯಿಂದ ಕೈ ಹೊರತೆಗೆದು ಬ್ಯಾಗನ್ನು ಹೊಟ್ಟೆಯ ಮುಂದಕ್ಕೆ ತಿರುಗಿಸಿಕೊಂಡರೆ ನೆಲಕ್ಕಿಡದೆಯೇ ತೆರೆಯಬಹುದು, ಮಂಡಗದ್ದೆಯ ಹೊಳೆದಂಡೆಯಲ್ಲಿ ಇಡಲು ಒಣ ಜಾಗ ಸಿಗದಿದ್ದಾಗ ಇದೇ ದಾರಿ. ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಹಿಂದಿನಿಂದ ಯಾರೂ ಜಿಪ್ ಎಳೆಯಲಾರರು ಎನ್ನುವುದು ಮೇಲಿನ ಲಾಭ. ಮುಂದೆ ಟ್ರೈಪಾಡ್ ಕಟ್ಟಿದ್ದರೂ ಬಾಗಿಲಿಗೆ ಅಡ್ಡ ಬರುವುದಿಲ್ಲ. ಒಂದೇ ಕೊರತೆ ಎಂದರೆ ಬೆನ್ನಿನ ಬಾಗಿಲಿನ ಸುತ್ತ ಜಿಪ್ ಇರುವುದರಿಂದ ಬೆವರು, ಮಳೆನೀರು ಒಳಗಿಳಿಯಲು ಅದೊಂದು ದಾರಿಯಾಗುತ್ತದೆ. ಅದನ್ನು ಮುಂದೆ ನೋಡೋಣ.

ಪಕ್ಕದಿಂದ ಕ್ಯಾಮೆರಾ ಎಳೆದುಕೊಳ್ಳುವ ಬಾಗಿಲು ಚೆನ್ನಾಗಿ ಕಾಣುತ್ತದೆ, ಆದರೆ ಅದು ಸಣ್ಣ ಲೆನ್ಸಿನ ಕ್ಯಾಮೆರಾಗೆ. 34 ಸೆಂ.ಮೀ. ಉದ್ದದ ಜೋಡಿ ಪಕ್ಕದ ಕಿಂಡಿಯಿಂದ ಬರುವುದಿಲ್ಲ. ಆ ಬಾಗಿಲಿಗೆ ದುಡ್ಡು ಕೊಡಬೇಡಿ. ಒಂಟಿ ಭುಜದ ಚೀಲ, ಸ್ಲಿಂಗ್ ಬ್ಯಾಗ್ ಕೂಡ ಹಾಗೆಯೇ. ಪತ್ರಿಕಾ ಛಾಯಾಗ್ರಾಹಕರು ಮೆಚ್ಚಿದ ಡಾಮ್ಕೆ ಕ್ಯಾನ್ವಾಸ್ ಚೀಲವನ್ನು 1970ರ ದಶಕದಲ್ಲಿ ಜಿಮ್ ಡಾಮ್ಕೆ ಮಾಡಿದ್ದು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದಾಗ, ಜನಜಂಗುಳಿಯಲ್ಲಿ ನಿಂತು ಸಣ್ಣ ಲೆನ್ಸುಗಳನ್ನು ಪಟಪಟನೆ ಬದಲಿಸುವುದಕ್ಕಾಗಿ. ಮದುವೆ ಮನೆಗೆ ಇಂದಿಗೂ ಅಂಥದ್ದೇ ಸಲೀಸು. ಐದು ಕೆ.ಜಿ.ಯನ್ನು ಒಂದೇ ಭುಜದಲ್ಲಿ ಹೊತ್ತು ಘಾಟಿ ಹತ್ತುವುದಕ್ಕೆ ಬೆನ್ನುಚೀಲವೇ ಆಗಬೇಕು.

ಬೈಕಿನ ವಿಷಯಕ್ಕೆ ಬರೋಣ, ನಿಮ್ಮ ಸಾಮಾನು ಹಾಳಾಗುವ ಸಾಧ್ಯತೆ ಹೆಚ್ಚಿರುವುದು ಇಲ್ಲಿಯೇ. ಪೆಟ್ರೋಲ್ ಟ್ಯಾಂಕಿನ ಮೇಲೆ, ಪಕ್ಕದ ಪೆಟ್ಟಿಗೆಯಲ್ಲಿ, ಹಿಂದಿನ ಕ್ಯಾರಿಯರಿಗೆ ಕಟ್ಟಿ ಒಯ್ಯುವುದು ಯಾವುದೂ ಬೇಡ. ಎಂಜಿನ್ನಿನ ಸಣ್ಣ ನಡುಕ ಗಂಟೆಗಟ್ಟಲೆ ನೇರ ಲೆನ್ಸಿಗೆ ತಾಗಿದರೆ ಒಳಗಿನ ಪುಟ್ಟ ತಿರುಪುಗಳು ಸಡಿಲಾಗುತ್ತವೆ. ಅಲುಗಾಟ ತಡೆಯಲು ತೇಲುವಂತೆ ಕೂರಿಸಿರುವ ಗಾಜುಗಳಿಗೂ ಅದು ಹಿತವಲ್ಲ. ಬೈಕ್ ಎಂಜಿನ್ನಿನ ಕಂಪನದಿಂದ ಫೋನ್ ಕ್ಯಾಮೆರಾದ ಗುಣಮಟ್ಟ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ತನ್ನ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತ್ತು. ಸವಾರನ ಬೆನ್ನಿನ ಮೇಲಿರುವ ಬ್ಯಾಗಿಗೆ ಆ ನಡುಕ ಮೈಯ ಮೂಲಕ ಬರುವಷ್ಟರಲ್ಲಿ ಬಹುಪಾಲು ಇಂಗಿರುತ್ತದೆ. ಆದರೆ ಪಟ್ಟಿ ಸಡಿಲ ಬಿಟ್ಟು ಬ್ಯಾಗಿನ ತಳ ಹಿಂದಿನ ಸೀಟಿನ ಮೇಲೆ ಕೂತಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಸೀಟು ಕೆಳಗಿನಿಂದ ಗುದ್ದುತ್ತದೆ, ಅದೂ ಲೆನ್ಸಿನ ಮುಂತುದಿಗೆ. ಪಟ್ಟಿ ಬಿಗಿದು ತಳ ಸೀಟಿನಿಂದ ನಾಲ್ಕು ಬೆರಳು ಮೇಲಿರುವಂತೆ ನೋಡಿಕೊಳ್ಳಿ. ಎದೆಪಟ್ಟಿ ಹಾಕದೆ ಹೊರಡಬೇಡಿ, ತಿರುವಿನಲ್ಲಿ ಬ್ಯಾಗ್ ಒಂದು ಪಕ್ಕಕ್ಕೆ ವಾಲುವುದನ್ನು ಅದು ತಡೆಯುತ್ತದೆ.

ಎತ್ತರವನ್ನೂ ಬೈಕಿನ ಮೇಲೆ ಕೂತೇ ನೋಡಬೇಕು. ಹೆಲ್ಮೆಟ್ ಹಾಕಿ, ಬ್ಯಾಗ್ ಹೊತ್ತು, ತಲೆ ಹಿಂದಕ್ಕೆ ವಾಲಿಸಿ. ಹೆಲ್ಮೆಟ್ಟಿನ ಹಿಂಬದಿಯ ಅಂಚು ಬ್ಯಾಗಿನ ಮೇಲ್ತುದಿಗೆ ತಾಗಿದರೆ ಆ ಬ್ಯಾಗ್ ನಿಮಗೆ ಉದ್ದ. ದಾರಿ ಪೂರ್ತಿ ತಲೆ ಬಗ್ಗಿಸಿಯೇ ಓಡಿಸಬೇಕಾಗುತ್ತದೆ, ಕತ್ತು ಹಿಡಿದುಕೊಳ್ಳುವುದು ಅದರಿಂದಲೇ. ಸಾಮಾನ್ಯ ಎತ್ತರದವರಿಗೆ 48–50 ಸೆಂ.ಮೀ. ಹೊರ ಉದ್ದದ ಬ್ಯಾಗ್ ಹೊಂದುತ್ತದೆ. ನಿಮ್ಮ ಲೆನ್ಸಿಗೆ ಬೇಕಾದ 40 ಸೆಂ.ಮೀ. ಒಳ ಉದ್ದಕ್ಕೂ ಇದು ಸಾಕು.

ಟ್ರೈಪಾಡನ್ನು ಬೈಕಿನಲ್ಲಿ ಬ್ಯಾಗಿಗೆ ಕಟ್ಟಬೇಡಿ. ಬಿದ್ದರೆ ಬೆನ್ನುಮೂಳೆಗೆ ಸಮಾನಾಂತರವಾಗಿ ಒಂದು ಲೋಹದ ಸರಳು ಇದ್ದಂತಾಗುತ್ತದೆ. ಅದನ್ನು ಸೀಟಿಗೆ ಉದ್ದಕ್ಕೆ ಎರಡು ಕಡೆ ರಬ್ಬರ್ ಹಗ್ಗದಿಂದ ಬಿಗಿಯಿರಿ, ನಡುಕದಿಂದ ಅದಕ್ಕೇನೂ ಆಗುವುದಿಲ್ಲ. ಬೈಕ್ ಇಳಿದ ಮೇಲೆ ನಡೆಯುವಾಗ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿದರೆ ಒಂದು ಭುಜ ಎಳೆಯುತ್ತದೆ. ದೊಡ್ಡ ಲೆನ್ಸು ಎಡಗೋಡೆಯಲ್ಲಿರುವುದರಿಂದ ಟ್ರೈಪಾಡ್ ಬಲಕ್ಕೆ ಹೋಗಲಿ, ನೀರಿನ ಬಾಟಲಿ ಎಡಕ್ಕೆ.

ಮಳೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಬೀಳುತ್ತದೆ. ಅಂಥಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂಬ ಚೀಟಿಗೆ ಕಿಮ್ಮತ್ತಿಲ್ಲ. ಬಟ್ಟೆ ನೀರು ತಡೆದರೂ ಹೊಲಿಗೆಯ ತೂತುಗಳು, ಜಿಪ್ಪಿನ ಹಲ್ಲುಗಳು ತಡೆಯುವುದಿಲ್ಲ. ಬ್ಯಾಗಿನ ಜೊತೆ ಬರುವ ರೇನ್ ಕವರ್ ಮುಖ ಮತ್ತು ಪಕ್ಕಗಳನ್ನು ಮಾತ್ರ ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ಬೈಕ್ ಸವಾರಿಯಲ್ಲಿ ಆಗುವುದು ಏನೆಂದರೆ, ಹೆಲ್ಮೆಟ್ಟಿನಿಂದ ಇಳಿದ ನೀರು ರೇನ್‌ಕೋಟಿನ ಕತ್ತಿನ ಹಿಂಭಾಗದಿಂದ ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು, ಮೆತ್ತೆಯನ್ನು ತೋಯಿಸಿ, ಕೊನೆಗೆ ರೇನ್ ಕವರಿನ ತಳದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ನಿಂತ ನೀರಿನಲ್ಲಿ ಬ್ಯಾಗಿನ ತಳ ಮುಳುಗಿರುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಬಂದೋಬಸ್ತಾಗಿ ಕಾಣುತ್ತಿರುತ್ತದೆ. ಕವರಿನ ತಳದಲ್ಲಿ ನೀರು ಬಸಿಯಲು ಸಣ್ಣ ಲೋಹದ ಕಣ್ಣು ಇದೆಯೇ ನೋಡಿ. ಇಲ್ಲದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ತಳದ ಅತಿ ಕೆಳಗಿನ ಜಾಗದಲ್ಲಿ ಒಂದು ಹಾಕಿಸಿ. ಕವರಿನ ಎಲಾಸ್ಟಿಕ್ ಜೊತೆಗೆ ಅಡ್ಡಪಟ್ಟಿಯ ಕೊಂಡಿಯೂ ಇರಬೇಕು, ಇಲ್ಲದಿದ್ದರೆ ಗಾಳಿಗೆ ಉಬ್ಬಿ ಹಾರಿಹೋಗುತ್ತದೆ.

ಜಡಿಮಳೆಯ ದಿನಗಳಿಗೆ ನಂಬಬೇಕಾದದ್ದು ಒಳಗಿನ ಕವಚವನ್ನು. 20 ಲೀಟರಿನ ಡ್ರೈ ಬ್ಯಾಗ್, ಬಾಯನ್ನು ಮೂರು ಸುತ್ತು ಸುತ್ತಿ ಕೊಂಡಿ ಹಾಕುವಂಥದ್ದು, ದೊಡ್ಡ ಲೆನ್ಸು ಮತ್ತು ಕ್ಯಾಮೆರಾವನ್ನು ಜೋಡಿಯಾಗಿ ನುಂಗುತ್ತದೆ. ಅದು ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವೂ ಆದೀತು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ. 200–500 ಹೊರಚಾಚುವ ಜೂಮ್ ಲೆನ್ಸು. ಮೌಂಟಿನ ಬಳಿ ರಬ್ಬರ್ ಅಂಚು ಇದೆಯೆಂದು ಇಡೀ ಲೆನ್ಸು ಮಳೆ ತಾಳುತ್ತದೆ ಎಂದುಕೊಳ್ಳಬೇಡಿ. ಇಡೀ ಬ್ಯಾಗ್ ಮುಚ್ಚುವಷ್ಟು ದೊಡ್ಡ ರೇನ್‌ಕೋಟನ್ನು ಬ್ಯಾಗಿನ ಮೇಲಿನಿಂದ ಹಾಕಿಕೊಳ್ಳುವವರೂ ಇದ್ದಾರೆ. ನಡೆಯುವಾಗ ಅದು ಒಳ್ಳೆಯ ಉಪಾಯ, ಬೈಕಿನಲ್ಲಿ ಗಾಳಿ ತುಂಬಿ ಎಳೆದಾಡುತ್ತದೆ.

ಹೊರೆ ಹೊರುವ ಪಟ್ಟಿಗಳ ಬಗ್ಗೆ ಕ್ಯಾಮೆರಾ ಬ್ಯಾಗ್ ಮಾಡುವವರು ಟ್ರೆಕ್ಕಿಂಗ್ ಬ್ಯಾಗ್ ಮಾಡುವವರಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಇದು ಹಳೆಯ ದೂರು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಗಂಟಿನಿಂದ ಸೊಂಟದ ಮೂಳೆಗಳ ಮೇಲ್ತುದಿಯ ಗೆರೆಯವರೆಗೆ ಮನೆಯವರಿಂದ ಟೇಪಿನಲ್ಲಿ ಅಳೆಯಿಸಿಕೊಳ್ಳಿ. ಅದು 47 ಸೆಂ.ಮೀ. ಬಂತು, ಬ್ಯಾಗಿನಲ್ಲಿ ಭುಜಪಟ್ಟಿ ಹೊಲಿದ ಜಾಗದಿಂದ ಸೊಂಟದ ಬೆಲ್ಟಿನವರೆಗೆ 40 ಮಾತ್ರ ಇದೆ ಎಂದರೆ ಬೆಲ್ಟು ಸೊಂಟದ ಮೂಳೆಯ ಬದಲು ಹೊಟ್ಟೆಯ ಮೇಲೆ ಕೂರುತ್ತದೆ. ಅಲ್ಲಿ ಕೂತ ಬೆಲ್ಟು ಯಾವ ತೂಕವನ್ನೂ ಹೊರುವುದಿಲ್ಲ, ಊಟ ಮಾಡಿದ ಮೇಲೆ ಬಿಚ್ಚಬೇಕಾಗುತ್ತದೆ ಅಷ್ಟೆ. ಮೆತ್ತೆಯಿಲ್ಲದ ಬರೀ ಪಟ್ಟಿಯ ಬೆಲ್ಟು ಬ್ಯಾಗ್ ಅಲುಗದಂತೆ ಹಿಡಿಯುತ್ತದೆ, ಭಾರ ಇಳಿಸುವುದಿಲ್ಲ. ನಿಮ್ಮ ಸಾಮಾನು, ನೀರು, ಬ್ಯಾಗ್, ಟ್ರೈಪಾಡ್ ಸೇರಿ ಹತ್ತು ಕೆ.ಜಿ. ಹತ್ತಿರ ಬರುವುದರಿಂದ ಮೆತ್ತೆಯ ಬೆಲ್ಟ್ ಬೇಕು.

ಅಂಗಡಿಯಲ್ಲಿ ಬ್ಯಾಗನ್ನು ಖಾಲಿ ಹೊತ್ತು ಕನ್ನಡಿ ನೋಡಿಕೊಂಡರೆ ಏನೂ ತಿಳಿಯುವುದಿಲ್ಲ. ಸಾಮಾನು ಒಯ್ಯಲು ಆಗದಿದ್ದರೆ ಐದು ಲೀಟರ್ ನೀರಿನ ಬಾಟಲಿಗಳನ್ನು ಒಳಗಿಟ್ಟು ಹೊತ್ತು ಎರಡು ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ಇಪ್ಪತ್ತು ನಿಮಿಷ ಹೊತ್ತೇ ಇರಿ, ಅಂಗಡಿಯವರು ಏನಂದುಕೊಂಡರೂ ಸರಿಯೇ. ಆಮೇಲೆ ಕೈ ಬಳಸಿ ನೋಡಿ. ತಳಕ್ಕೆ ಹೆಬ್ಬೆರಳು ಒತ್ತಿದಾಗ ಕೆಳಗಿನ ಟೇಬಲ್ಲಿನ ಗಟ್ಟಿ ಬೆರಳಿಗೆ ತಾಗಿದರೆ ಬೇಡ. ಲೆನ್ಸಿನ ಮುಂತುದಿ ಕೂರುವ ಜಾಗ ಅದು, ಒಂದೂವರೆ ಸೆಂ.ಮೀ. ದಪ್ಪದ ಬಿಗಿ ಫೋಮ್ ಇರಬೇಕು. ಹಾಸಿಗೆಯ ಸ್ಪಂಜಿನಂತೆ ಒತ್ತಿದಲ್ಲೇ ಕುಗ್ಗುವ ಫೋಮ್ ಆರು ತಿಂಗಳಲ್ಲಿ ಚಪ್ಪಟೆಯಾಗುತ್ತದೆ, ನೀರನ್ನೂ ಹೀರುತ್ತದೆ. ಜಿಪ್ಪನ್ನು ಒಂದೇ ಬೆರಳಿನಿಂದ ಮೂಲೆ ದಾಟಿಸಿ. ಮೂಲೆಯಲ್ಲಿ ರನ್ನರ್ ತಡವರಿಸಿದರೆ ತುಂಬಿದ ಬ್ಯಾಗಿನಲ್ಲಿ ಅಲ್ಲೇ ಬಾಯಿ ಬಿಡುತ್ತದೆ. ರನ್ನರ್ ಮೇಲೆ ವೈಕೆಕೆ (ಜಿಪ್ ಮಾಡುವ ಹೆಸರುವಾಸಿ ಕಂಪನಿ) ಎಂದಿದ್ದರೆ ಒಳ್ಳೆಯದೇ, ಆದರೆ ಮುಖ್ಯ ಬಾಗಿಲಿನ ಜಿಪ್ಪು ಜೇಬಿನ ಜಿಪ್ಪಿಗಿಂತ ದಪ್ಪಗಿರಬೇಕು ಎನ್ನುವುದು ಹೆಸರಿಗಿಂತ ಮುಖ್ಯ. ಭುಜಪಟ್ಟಿ ಬ್ಯಾಗಿಗೆ ಸೇರುವಲ್ಲಿ ಅಡ್ಡಡ್ಡ ಒತ್ತೊತ್ತಾಗಿ ಹೊಲಿದ ಪಟ್ಟೆ ಇದೆಯೇ, ಅಥವಾ ಒಂದೇ ಸಾಲಿನ ನೇರ ಹೊಲಿಗೆಯೇ ನೋಡಿ. ಒಂದೇ ಸಾಲಾದರೆ ಅಲ್ಲಿಂದಲೇ ಕಿತ್ತುಬರುವುದು. ಒಳಬಟ್ಟೆ ತಿಳಿ ಬೂದಿಯೋ ಕಿತ್ತಳೆಯೋ ಇರಲಿ. ಕಪ್ಪು ಬಟ್ಟೆಯೊಳಗೆ ಬಿದ್ದ ಕಪ್ಪು ಕ್ಯಾಪು ನಸುಕಿನ ಐದೂವರೆಗೆ ಕೈಗೆ ಸಿಗುವುದಿಲ್ಲ.

ಬಟ್ಟೆಯ ಡೀನಿಯರ್ (ನೂಲಿನ ದಪ್ಪದ ಅಳತೆ) ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. 600 ಡೀನಿಯರ್ ಪಾಲಿಯೆಸ್ಟರ್ ನಿಮ್ಮ ಬಳಕೆಗೆ ಸಾಕು. ತಳಕ್ಕೆ ಮಾತ್ರ ದಪ್ಪ ನೈಲಾನ್ ಇದ್ದರೆ ಲಾಭ. ವೆಲ್ಕ್ರೊ ಬಗ್ಗೆ ಒಂದು ಮಾತು: ಬಾಗಿಲಿಗೆ ವೆಲ್ಕ್ರೊ ಇರುವ ಬ್ಯಾಗ್ ಹಕ್ಕಿ ನೋಡುವವರಿಗೆ ಶತ್ರು, ಚರ್ರೆಂದ ಸದ್ದಿಗೆ ಹತ್ತು ಮೀಟರಿನೊಳಗಿನದೆಲ್ಲ ಹಾರುತ್ತದೆ.

ಈಗ ನಿಮ್ಮ ಎಂಟು ಸಾವಿರ. ಎರಡು ದಾರಿಯಿದೆ. ಮೊದಲನೆಯದು ಬೆನ್ನಿನಿಂದ ತೆರೆಯುವ ಮಧ್ಯಮ ಗಾತ್ರದ ಕ್ಯಾಮೆರಾ ಬ್ಯಾಗ್. ಲೋವೆಪ್ರೊದ ಫ್ಲಿಪ್‌ಸೈಡ್ ಸಾಲಿನವು ಈ ಬಗೆಯವು. ಮಾದರಿಗಳು ಬದಲಾಗುತ್ತಲೇ ಇರುವುದರಿಂದ ಹೆಸರು ಹಿಡಿದು ಹೋಗದೆ ಒಳ ಅಳತೆ 40×28×14 ಸೆಂ.ಮೀ.ಗೆ ಕಡಿಮೆಯಿಲ್ಲ, ಖಾಲಿ ತೂಕ 2 ಕೆ.ಜಿ.ಗೆ ಹೆಚ್ಚಿಲ್ಲ, ಹೊರ ದಪ್ಪ 20 ಸೆಂ.ಮೀ. ಒಳಗೆ, ಮೆತ್ತೆಯ ಸೊಂಟಬೆಲ್ಟ್ ಎಂಬ ನಾಲ್ಕನ್ನು ಹೇಳಿ ಕೇಳಿ. ಎರಡನೆಯದು 35–40 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್ ಕೊಂಡು ಒಳಗೆ ಬೇರೆಯಾಗಿ ಸಿಗುವ ಮೆತ್ತೆಯ ಡಬ್ಬಿ ಇಡುವುದು. ಭಾರ ಹೊರಲು ಟ್ರೆಕ್ಕಿಂಗ್ ಬ್ಯಾಗ್ ಖಂಡಿತ ಮೇಲು, ತೂಕವೂ ಕಡಿಮೆ, ಕ್ಯಾಮೆರಾ ಇದೆ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ಆದರೆ ಮೇಲಿನಿಂದ ಮಾತ್ರ ಬಾಯಿರುವ ಬ್ಯಾಗಾದರೆ ಪ್ರತಿ ಸಲ ಡಬ್ಬಿಯನ್ನೇ ಹೊರಗೆಳೆಯಬೇಕು, ಅಷ್ಟರಲ್ಲಿ ಹಕ್ಕಿ ಹೊಳೆಯಾಚೆ. ಮುಂದೆ ಕೆಳಗಿನವರೆಗೂ ಜಿಪ್ ತೆರೆದುಕೊಳ್ಳುವಂಥದ್ದು ಸಿಕ್ಕರೆ ಮಾತ್ರ ಈ ದಾರಿ.

ನಿಮಗೆ ಮೊದಲನೆಯದನ್ನೇ ಹೇಳುತ್ತೇವೆ. ಬೈಕಿನಿಂದ ಇಳಿದು ಅರ್ಧ ಕಿಲೋಮೀಟರ್ ನಡೆದು ಬ್ಯಾಗ್ ತೆರೆದು ಮುಚ್ಚುವ ಓಡಾಟ ನಿಮ್ಮದು. ಬ್ಯಾಗ್ ಹೊತ್ತು ದಿನವಿಡೀ ಕುದುರೆಮುಖ ಹತ್ತುವ ಬಯಕೆ ಬಂದಾಗ ಎರಡನೆಯದನ್ನು ಯೋಚಿಸಿ. ದುಡ್ಡು ಉಳಿದರೆ ಡ್ರೈ ಬ್ಯಾಗಿಗೆ ಹಾಕಿ, ದುಬಾರಿ ಬ್ರ್ಯಾಂಡಿಗೆ ಮೇಲೇರಬೇಡಿ. ನಂಬಲಾಗದಷ್ಟು ಅಗ್ಗಕ್ಕೆ ಹೆಸರುವಾಸಿ ಬ್ರ್ಯಾಂಡು ಸಿಕ್ಕಿದರೆ ಅದು ನಕಲಿಯೆಂದೇ ತಿಳಿಯಿರಿ. ಹೊರಗಿನ ಬಟ್ಟೆ ಅಸಲಿಯಂತೆಯೇ ಇರುತ್ತದೆ, ಕೆಡುವುದು ಒಳಗಿನ ಫೋಮ್.

ಕೊಂಡ ಮೇಲೆ ಅದನ್ನು ಕ್ಯಾಮೆರಾ ಇಡುವ ಕಪಾಟು ಮಾಡಿಕೊಳ್ಳಬೇಡಿ. ಮಲೆನಾಡಿನ ಲೆನ್ಸುಗಳಿಗೆ ಫಂಗಸ್ ಹತ್ತುವುದು ಮಳೆಯಲ್ಲಿ ನೆನೆದದ್ದಕ್ಕಿಂತ ಹೆಚ್ಚಾಗಿ ನೆನೆದ ಬ್ಯಾಗಿನೊಳಗೆ ವಾರಗಟ್ಟಲೆ ಕತ್ತಲಲ್ಲಿ ಕೂತದ್ದರಿಂದ. ಫೋಮು ಮತ್ತು ಬಟ್ಟೆ ಹೀರಿಕೊಂಡ ತೇವ ಹೊರಹೋಗಲು ದಾರಿಯಿರುವುದಿಲ್ಲ, ಒಳಗಿನ ಆರ್ದ್ರತೆ ಶೇ. 70 ದಾಟಿಯೇ ಇರುತ್ತದೆ. ಮನೆಗೆ ಬಂದ ರಾತ್ರಿಯೇ ಸಾಮಾನು ಹೊರಗೆ ತೆಗೆದು, ಡಿವೈಡರುಗಳನ್ನು ಕಿತ್ತು, ಎಲ್ಲ ಜಿಪ್ಪು ತೆರೆದು ಫ್ಯಾನಿನ ಕೆಳಗೆ ಒಂದು ದಿನ ಬಿಡಿ. ಬಚ್ಚಲೊಲೆಯ ಮೇಲಿನ ಗಳಕ್ಕೆ ಬಟ್ಟೆಯ ಜೊತೆ ಬ್ಯಾಗನ್ನೂ ನೇತುಹಾಕುವ ಪದ್ಧತಿ ಬೇಡ. ಹೊಗೆಯ ವಾಸನೆ ಹೋಗುವುದಿಲ್ಲ, ಶಾಖಕ್ಕೆ ಫೋಮ್ ಅಂಟಿಸಿದ ಗೋಂದು ಬಿಡುತ್ತದೆ.

ಕ್ಯಾಮೆರಾ, ಲೆನ್ಸುಗಳು ಗಾಳಿಯಾಡದ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಕಾಲು ಕೆ.ಜಿ. ಸಿಲಿಕಾ ಜೆಲ್ ಮತ್ತು ಆರ್ದ್ರತೆ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್ ಜೊತೆ ಇರಲಿ. ಮುಳ್ಳು ಶೇ. 40ರಿಂದ 50ರ ನಡುವೆ ನಿಲ್ಲಬೇಕು. ಜೆಲ್ಲಿನ ಬಣ್ಣ ಬದಲಾದಾಗ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಬಾಣಲೆಗೆ ಹಾಕಬೇಡಿ, ಕಿತ್ತಳೆ ಬಣ್ಣದ್ದು ಕೊಳ್ಳಿ, ಪಾತ್ರೆಯನ್ನೂ ಬೇರೆ ಇಡಿ. ಜೆಲ್ಲಿನ ಬದಲು ಅಕ್ಕಿ ತುಂಬಿದ ಬಟ್ಟೆಗಂಟು ಇಡಬೇಡಿ, ಅದು ದೂಳು ಉದುರಿಸುತ್ತದೆ. ಸೀರೆಗೆ ಇಡುವ ನುಸಿಗುಳಿಗೆಯನ್ನು ಕ್ಯಾಮೆರಾ ಬ್ಯಾಗಿಗೂ ಹಾಕುವ ಮನೆಗಳಿವೆ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ, ರಬ್ಬರಿಗೆ ಹತ್ತಿದ ವಾಸನೆ ಹೋಗುವುದಿಲ್ಲ.

ಎ.ಸಿ. ಕೋಣೆಯಿಂದ ಹೊರಡುವ ದಿನ, ಮಂಗಳೂರಿನ ಹೋಟೆಲಿನಲ್ಲಿ ಉಳಿದಿರಿ ಎನ್ನೋಣ, ಹೊರಬಂದ ತಕ್ಷಣ ಬ್ಯಾಗ್ ತೆರೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಕರಾವಳಿಯ ತೇವದ ಗಾಳಿ ಕ್ಷಣದಲ್ಲಿ ನೀರಾಗುತ್ತದೆ. ಮುಚ್ಚಿದ ಬ್ಯಾಗಿನಲ್ಲೇ ಮುಕ್ಕಾಲು ಗಂಟೆ ಬಿಟ್ಟರೆ ನಿಧಾನಕ್ಕೆ ಬಿಸಿಯೇರುತ್ತದೆ.

ಬ್ಯಾಗಿನ ಆಯಸ್ಸು ಎಷ್ಟು ಎಂದರೆ, ನಮ್ಮ ಹವೆಯಲ್ಲಿ ಹೊರಬಟ್ಟೆ ಹರಿಯುವ ಮೊದಲೇ ಒಳಲೇಪ ಸಾಯುತ್ತದೆ. ರೇನ್ ಕವರಿನ ಮತ್ತು ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಮೊದಲು ಕೈಗೆ ಜಿಗುಟು ಹತ್ತುತ್ತದೆ, ಆಮೇಲೆ ಬಿಳಿ ಪುಡಿಯಾಗಿ ಉದುರುತ್ತದೆ. ಒದ್ದೆ ಕವರನ್ನು ಮಡಚಿ ಅದರ ಜೇಬಿಗೆ ತುರುಕಿ ಮರೆತುಬಿಟ್ಟರೆ ಇದು ಬೇಗ ಬರುತ್ತದೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಕವರನ್ನು ಹರವಿ ಒಳಮೈಗೆ ಅಂಗೈ ಒತ್ತಿ ನೋಡಿ. ಜಿಗುಟಿದ್ದರೆ ಕವರ್ ಮಾತ್ರ ಬದಲಿಸಿ. ಬ್ಯಾಗಿನೊಳಗಿನ ಲೇಪವೇ ಉದುರತೊಡಗಿದ್ದರೆ ಆ ಪುಡಿ ಸೆನ್ಸರಿಗೆ, ಲೆನ್ಸಿನ ಹಿಂದಿನ ಗಾಜಿಗೆ ಹೋಗಿ ಅಂಟುತ್ತದೆ, ಆಗ ಆ ಬ್ಯಾಗನ್ನು ತರಕಾರಿ ತರಲು ಬಿಟ್ಟುಕೊಡಬೇಕು.